ತೂತು ಬಿದ್ದ ಏಂಜೆಲ್

ಟ್ಯೂಡರ್ (ಇಂಗ್ಲೆಂಡಿನ ರಾಜಮನೆತನ) ಕಾಲದ ಚಿನ್ನದ ನಾಣ್ಯ ಅಂದ್ರೆ ಎಲ್ಲರೂ ಕೇಳೋದು ಸಾವರಿನ್ ಅನ್ನೋ ದೊಡ್ಡ ನಾಣ್ಯದ ಬಗ್ಗೆನೇ. 1489ರಲ್ಲಿ ಏಳನೇ ಹೆನ್ರಿ ಶುರು ಮಾಡಿದ್ದು, 15 ಗ್ರಾಂ ಮೇಲೆ ತೂಕ, ಸಿಂಹಾಸನದ ಮೇಲೆ ಕೂತ ರಾಜ. ಮೂವತ್ತು ವರ್ಷದಿಂದ ಈ ಹುಚ್ಚು ಹಚ್ಕೊಂಡಿದೀನಿ, ಆದ್ರೂ ಅದನ್ನ ಲಂಡನ್ ಮ್ಯೂಸಿಯಮ್ಮಿನ ಗಾಜಿಗೆ ಮೂಗು ಒತ್ತಿ ನೋಡಿದ್ದೇ ಬಂತು.

ನನ್ನ ಹತ್ರ ಇರೋದು ಎಂಟನೇ ಹೆನ್ರಿಯ ಒಂದು ಏಂಜೆಲ್, ಅದೂ ಚಿನ್ನದ ನಾಣ್ಯವೇ. ಐದು ಗ್ರಾಂ ಚಿಲ್ಲರೆ, ಹಪ್ಪಳದ ಥರ ತೆಳು. ಒಂದು ಕಡೆ ಸಂತ ಮೈಕೇಲ ಡ್ರ್ಯಾಗನ್ ಬಾಯಿಗೆ ಈಟಿ ತುರುಕ್ತಾ ಇದಾನೆ, ಇನ್ನೊಂದು ಕಡೆ ಹಡಗು, ಅದರ ಕಂಬವೇ ಶಿಲುಬೆ. ಇಸವಿ ಹುಡುಕಬೇಡಿ, ಇರಲ್ಲ. ಬರಹದ ಶುರುವಲ್ಲಿರೋ ಪುಟಾಣಿ ಗುರುತೇ ಕ್ಯಾಲೆಂಡರ್. ಟಂಕಸಾಲೆಯವರು ಸ್ಯಾಂಪಲ್ ನಾಣ್ಯಗಳನ್ನ ಪೆಟ್ಟಿಗೆಗೆ ಹಾಕಿಡೋರು, ಆಮೇಲೆ ಪರೀಕ್ಷೆ, ಪರೀಕ್ಷೆ ಮುಗಿದ್ಮೇಲೆ ಗುರುತು ಬದಲು, ಹೆಚ್ಚುಕಡಿಮೆ ಹೀಗೆ. ನನ್ನದ್ರಲ್ಲಿ ಕೋಟೆ ಬಾಗಿಲಿಗೆ ಇಳಿಬಿಡೋ ಕಬ್ಬಿಣದ ಜಾಲರಿ ಇದೆ, ಅಂದ್ರೆ 1526ಕ್ಕಿಂತ ಮುಂಚಿನದು, ಕೃಷ್ಣದೇವರಾಯರ ವರಹದ ಓರಗೆ (ಇಬ್ಬರೂ ಪಟ್ಟಕ್ಕೆ ಬಂದಿದ್ದು 1509ರಲ್ಲೇ!).

ಕೊಂಡಾಗ ಇದು ಫಸ್ಟ್ ಕ್ಲಾಸ್ ಪೀಸ್ ಅಂದ್ಕೊಂಡಿದ್ದೆ. ಒಂದು ರಾತ್ರಿ ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು ಓರೆ ಬೆಳಕಲ್ಲಿ ನೋಡ್ತೀನಿ, ಮೈಕೇಲನ ತಲೆ ಮೇಲೆ ಒಂದು ದುಂಡನೆ ಮಚ್ಚೆ, ಅಕ್ಷರ ಅಲ್ಲಿಗೆ ಬಂದು ಸ್ವಲ್ಪ ಮಂಕಾಗುತ್ತೆ. ಯಾರೋ ತೂತಿಗೆ ಚಿನ್ನ ತುಂಬಿ ಅಕ್ಷರ ಕೆತ್ತಿಬಿಟ್ಟಿದಾರೆ. ಮಾರಿದವನು ಬಾಯಿ ಬಿಟ್ಟಿರಲಿಲ್ಲ, ನಾನೂ ಕಣ್ಣು ಬಿಟ್ಟಿರಲಿಲ್ಲ.

ಎರಡು ದಿನ ಊಟ ಸೇರಲಿಲ್ಲ ನಿಜ. ಆದ್ರೆ ಆ ತೂತೇ ಈಗ ನನಗಿಷ್ಟ. ಕಂಠಮಾಲೆ (ಕತ್ತಿನ ಗಂಟು ಊದೋ ರೋಗ) ಬಂದವರನ್ನ ವಾಸಿಯಾಗಲಿ ಅಂತ ರಾಜ ಮುಟ್ಟಿ, ತೂತು ಹಾಕಿದ ಏಂಜೆಲ್ ಒಂದನ್ನ ಕೊರಳಿಗೆ ಕಟ್ಟೋನು, ಹೆನ್ರಿಯ ಮಕ್ಕಳಾದ ರಾಣಿ ಮೇರಿ, ರಾಣಿ ಎಲಿಜಬೆತ್ ಕಾಲಕ್ಕೂ ನಡೀತಿತ್ತು. ಹಾಗಂತ ತೂತಿರೋ ಏಂಜೆಲ್ ಎಲ್ಲಾ ರಾಜ ಕೊಟ್ಟಿದ್ದೇ ಅನ್ನೋ ವ್ಯಾಪಾರಿಗಳ ಮಾತು ನಾನು ನಂಬಲ್ಲ, ಯಾವುದೋ ಅಮ್ಮ ಮಗುವಿಗೆ ತಾಯತ ಮಾಡಿಸಿರಬಹುದಲ್ವಾ.

ಇದು ಸುಮಾರು 24 ಕ್ಯಾರೆಟ್ಟೇ. ಅದೇ ಹೆನ್ರಿ 1544ರಿಂದ ಕಲಬೆರಕೆಗೆ ಇಳಿದ, ಸಾಯೋ ಹೊತ್ತಿಗೆ ಚಿನ್ನ 20 ಕ್ಯಾರೆಟ್. ಬೆಳ್ಳಿ ಕಥೆ ಇನ್ನೂ ಕೇಡು, ಮೇಲಿನ ಬೆಳ್ಳಿ ಸವೆದು ನಾಣ್ಯದ ಮೇಲಿನ ರಾಜನ ಮೂಗಲ್ಲಿ ತಾಮ್ರ ಇಣುಕ್ತಿತ್ತು, ಜನ ಅವನಿಗೆ ತಾಮ್ರಮೂಗ ಅಂತಲೇ ಹೆಸರಿಟ್ರು.

ಸದ್ಯ ಆ 20 ಕ್ಯಾರೆಟ್‌ನ ಒಂದು ಹಾಫ್ ಸಾವರಿನ್ ಹುಡುಕ್ತಾ ಇದೀನಿ, ಏಂಜೆಲ್ ಪಕ್ಕ ಇಟ್ಟು ಬಣ್ಣ ನೋಡ್ಬೇಕು. ಈ ಸಲ ಲೂಪ್ ಮೊದಲು, ದುಡ್ಡು ಆಮೇಲೆ.