ಯುದ್ಧದಲ್ಲಿ ಎಂಥ ಕಾನೂನು ಮೇಡಂ, ಯಾರು ಪಾಲಿಸ್ತಾರೆ?

ನಾನು ಯುದ್ಧದ ಕಾನೂನು ಪಾಠ ಮಾಡುತ್ತೇನೆ ಅಂತ ಗೊತ್ತಾದರೆ ಸಾಕು. ಮದುವೆ ಮನೆಯಾದರೂ ಸರಿ, ರೈಲಾದರೂ ಸರಿ, ಈ ಪ್ರಶ್ನೆ ಬಂದೇ ಬರುತ್ತದೆ. ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಬರೆದುಬಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನೇರ ಉತ್ತರ ಮೊದಲು. ಪಾಲಿಸುವವರಿದ್ದಾರೆ, ಮುರಿಯುವವರೂ ಇದ್ದಾರೆ. ಮುರಿದದ್ದು ಸುದ್ದಿಯಾಗುತ್ತದೆ. ಕೆಳಗೆ ಜನ ಕಂಡರು ಅಂತ ಬಾಂಬ್ ಹಾಕದೆ ವಾಪಸ್ ಬಂದ ವಿಮಾನದ ವಿಡಿಯೊ ಯಾರ ವಾಟ್ಸಾಪಿಗೂ ಬರುವುದಿಲ್ಲ.

ಪ್ರಶ್ನೆಗಿಂತ ಅದನ್ನು ಕೇಳುವ ಧಾಟಿಗೆ ನನಗೆ ಜಾಸ್ತಿ ಸಿಟ್ಟು ಬರುತ್ತದೆ. ಕುಸಿದ ಕಟ್ಟಡವೊಂದರ ವಿಡಿಯೊ ಮುಖಕ್ಕೆ ಹಿಡಿದು 'ನೋಡಿ, ಎಲ್ಲಿದೆ ನಿಮ್ಮ ಕಾನೂನು?' ಅನ್ನುತ್ತಾರೆ. ಆ ಕಟ್ಟಡದಲ್ಲಿ ಯಾರಿದ್ದರು, ಅದಕ್ಕೆ ಗುರಿ ಇಡಲು ಹೇಳಿದ್ದು ಯಾರು ಅಂತ ಒಬ್ಬರೂ ಕೇಳುವುದಿಲ್ಲ. 'ಯಾರೂ ಪಾಲಿಸಲ್ಲ' ಅಂದುಬಿಟ್ಟರೆ ತಪ್ಪು ಮಾಡಿದವರನ್ನು ಹುಡುಕುವ ಕೆಲಸವೇ ಉಳಿಯುವುದಿಲ್ಲ. ಮಾಡಿದವರಿಗೆ ಅದಕ್ಕಿಂತ ಅನುಕೂಲ ಇನ್ನೇನು ಬೇಕು?

ಈ ಕಾನೂನು ಯುದ್ಧ ನಿಲ್ಲಿಸಲು ಹುಟ್ಟಿದ್ದೇ ಅಲ್ಲ. 1859ರಲ್ಲಿ ಇಟಲಿಯ ಸೊಲ್ಫೆರಿನೊದಲ್ಲಿ ಕಾಳಗದ ಗಾಯಾಳುಗಳು ನೋಡುವವರಿಲ್ಲದೆ ನರಳುವುದನ್ನು ಹೆನ್ರಿ ಡ್ಯೂನಾಂಟ್ ಎಂಬ ವ್ಯಾಪಾರಿ ಕಂಡ. ಅಲ್ಲಿಂದ ರೆಡ್ ಕ್ರಾಸ್ ಬಂತು, 1864ರ ಮೊದಲ ಜಿನೀವಾ ಒಪ್ಪಂದ ಬಂತು. ಈಗಿರುವ ನಾಲ್ಕು ಒಪ್ಪಂದಗಳು 1949ರವು. ಅವುಗಳಿಗೆ 1977ರಲ್ಲಿ ಹೆಚ್ಚುವರಿ ಒಪ್ಪಂದಗಳು ಸೇರಿದವು. ಯುದ್ಧ ನಡೆದೇ ನಡೆಯುತ್ತದೆ ಅಂತ ಒಪ್ಪಿಕೊಂಡೇ ಇವು ಮಾತು ಶುರು ಮಾಡುತ್ತವೆ. ಇವು ಹೇಳುವುದು ಇಷ್ಟು: ಹೋರಾಡುವವರನ್ನೂ ಸಾಮಾನ್ಯ ಜನರನ್ನೂ ಬೇರೆಯಾಗಿ ನೋಡಿ. ಸಿಗುವ ಸೈನಿಕ ಲಾಭಕ್ಕೆ ಹೋಲಿಸಿದರೆ ಜನರಿಗೆ ಆಗುವ ಹಾನಿ ವಿಪರೀತ ಅನ್ನಿಸಿದರೆ ದಾಳಿ ಮಾಡಬೇಡಿ. ಗುರಿ ಸರಿಯಾಗಿದೆಯಾ ಅಂತ ಸಾಧ್ಯವಿರುವಷ್ಟೂ ಪರೀಕ್ಷಿಸಿ. ಆಸ್ಪತ್ರೆಯನ್ನು ಮುಟ್ಟಬೇಡಿ. ಅದನ್ನು ಶತ್ರು ದಾಳಿಗೆ ಬಳಸುತ್ತಿದ್ದರೂ ಮೊದಲು ಎಚ್ಚರಿಕೆ ಕೊಡಿ, ಸಮಯ ಕೊಡಿ.

ಹಿಂದೊಮ್ಮೆ ಮಡಿಕೇರಿಯಲ್ಲಿ ಇದೇ ವಿಷಯ ಮಾತಾಡಲು ಹೋಗಿದ್ದೆ. ಉದಾಹರಣೆಗೆ ಅಫ್ಘಾನಿಸ್ತಾನದ ಕುಂದುಜ್ ಕಥೆ ಹೇಳಿದೆ. 2015ರ ಅಕ್ಟೋಬರ್ 3ರ ನಡುರಾತ್ರಿ ಅಮೆರಿಕದ ಎಸಿ-130 ವಿಮಾನ ಅಲ್ಲಿನ ಎಂಎಸ್‌ಎಫ್ ಆಸ್ಪತ್ರೆಯ ಮೇಲೆ ಗುಂಡಿನ ಮಳೆ ಸುರಿಸಿತು. ಎಂಎಸ್‌ಎಫ್ ಅಂದರೆ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ವೈದ್ಯರ ಸಂಸ್ಥೆ, ಎರಡೂ ಕಡೆಯ ಗಾಯಾಳುಗಳನ್ನು ನೋಡುತ್ತದೆ. ಸತ್ತವರು 42 ಜನ. 24 ರೋಗಿಗಳು, 14 ಸಿಬ್ಬಂದಿ, ರೋಗಿಗಳ ಜೊತೆಗಿದ್ದ 4 ಜನ. ತೀವ್ರ ನಿಗಾ ಘಟಕದಲ್ಲಿ ಮಲಗಿದಲ್ಲೇ ಸುಟ್ಟುಹೋದವರಿದ್ದರು. ಆಸ್ಪತ್ರೆ ಎಲ್ಲಿದೆ ಅಂತ ತೋರಿಸುವ ಜಿಪಿಎಸ್ ಅಂಕಿಗಳನ್ನು ಎಂಎಸ್‌ಎಫ್‌ನವರು ದಾಳಿಗೆ ನಾಲ್ಕು ದಿನ ಮೊದಲು ಅಮೆರಿಕದವರಿಗೆ ಮತ್ತೊಮ್ಮೆ ಕೊಟ್ಟಿದ್ದರು.

ನಾನು ಮುಗಿಸುತ್ತಿದ್ದಂತೆ ವಿದ್ಯಾರ್ಥಿಯೊಬ್ಬ ಎದ್ದ. 'ಅಂದ್ರೆ ಯಾರೂ ಪಾಲಿಸಲ್ಲ ಅಂತಾಯ್ತಲ್ವಾ ಮೇಡಂ?' ಹಿಂದಿನ ಸಾಲಿನಲ್ಲಿ ನಿವೃತ್ತ ಹವಾಲ್ದಾರರೊಬ್ಬರು ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು: 'ಮುಟ್ಟಬಾರದ ಜಾಗಗಳದ್ದು ಒಂದು ಲಿಸ್ಟ್ ಇರುತ್ತಲ್ಲ ಮೇಡಂ, ಅದನ್ನ ಆ ವಿಮಾನಕ್ಕೆ ಕೊಡೋ ಡ್ಯೂಟಿ ಯಾರದಿತ್ತು?'

ಇಷ್ಟು ವರ್ಷ ನಾನು ಕಾಯುತ್ತಿದ್ದ ಪ್ರಶ್ನೆ ಅದು.

ಪಟ್ಟಿ ಇತ್ತು. ಆದರೆ ವಿಮಾನ ಗೊತ್ತುಮಾಡಿದ ಸಮಯಕ್ಕಿಂತ 69 ನಿಮಿಷ ಮೊದಲೇ ಹೊರಟಿತು. ಆ ಅವಸರದಲ್ಲಿ ಪಟ್ಟಿ ಅದರೊಳಗೆ ಸೇರಲಿಲ್ಲ. ದಾರಿಯಲ್ಲಾದರೂ ಕಳಿಸೋಣ ಅಂದರೆ ಮಾಹಿತಿ ಕಳಿಸುವ ಉಪಕರಣ ಕೆಟ್ಟಿತು. ತಾಲಿಬಾನ್ ಹಿಡಿತದಲ್ಲಿದೆ ಅನ್ನಲಾದ ಸರ್ಕಾರಿ ಕಟ್ಟಡದ ಅಂಕಿ ಹಾಕಿದರೆ ಪರದೆಯ ಮೇಲೆ ಖಾಲಿ ಮೈದಾನ ಕಂಡಿತು. ಆಗ ವಿಮಾನದ ಸಿಬ್ಬಂದಿ ತಮಗೆ ಬಾಯಿಮಾತಲ್ಲಿ ಬಂದ ವರ್ಣನೆಗೆ ಹೋಲುವ ಹತ್ತಿರದ ದೊಡ್ಡ ಕಟ್ಟಡ ಹುಡುಕಿದರು. ಅದು ಆಸ್ಪತ್ರೆ. ಗುಂಡು ಹಾರಿಸುವ ಮೊದಲು ಆ ಜಾಗದ ಅಂಕಿಗಳನ್ನು ಬಗ್ರಾಮ್‌ನಲ್ಲಿದ್ದ ಅಮೆರಿಕ ಸೇನೆಯ ಕೇಂದ್ರಕ್ಕೆ ತಿಳಿಸಿದರು ಕೂಡ. ಕೇಂದ್ರದ ಬಳಿ ಆಸ್ಪತ್ರೆಯ ಅಂಕಿಗಳಿದ್ದವು. ಎರಡನ್ನೂ ಪಕ್ಕದಲ್ಲಿಟ್ಟು ಯಾರೂ ನೋಡಲಿಲ್ಲ. ದಾಳಿ ಶುರುವಾದ ಹತ್ತು ಹನ್ನೆರಡು ನಿಮಿಷಕ್ಕೇ ಎಂಎಸ್‌ಎಫ್‌ನವರು ಫೋನ್ ಮಾಡಿದರು. ಆದರೂ ದಾಳಿ ತಕ್ಷಣ ನಿಲ್ಲಲಿಲ್ಲ. ಒಟ್ಟು 29 ನಿಮಿಷ ಅಂತ ಅಮೆರಿಕದ ತನಿಖೆ ಹೇಳಿತು. ಸುಮಾರು ಒಂದು ಗಂಟೆ ಅಂತ ಒಳಗಿದ್ದವರು ಹೇಳಿದರು.

ನೋಡಿ, ಇದರಲ್ಲಿ ಎಷ್ಟು ಕಡೆ ನಿಲ್ಲಬಹುದಿತ್ತು. ಖಾಲಿ ಮೈದಾನ ಕಂಡಾಗಲೇ 'ಏನೋ ಸರಿಯಿಲ್ಲ, ತಡೆಯಿರಿ' ಅನ್ನಬಹುದಿತ್ತು. ಆ ಕಟ್ಟಡದಿಂದ ಯಾರೂ ವಿಮಾನಕ್ಕೆ ಗುಂಡು ಹಾರಿಸುತ್ತಿರಲಿಲ್ಲ. ಕಾನೂನು ಪಾಲಿಸುವುದು ಅಂದರೆ ಇದೇ. ಪಟ್ಟಿ ತುಂಬಿಸುವುದು, ಅಂಕಿ ಹೋಲಿಸುವುದು, ಅನುಮಾನ ಬಂದರೆ ಬಾಯಿಬಿಟ್ಟು ಹೇಳುವುದು, ಹೇಳಿದವನನ್ನು ಮೇಲಿನವರು ಬೈಯದಿರುವುದು. ಈಗ ಡ್ರೋನ್‌ಗಳು ಬಂದಿವೆ, ಕಂಪ್ಯೂಟರೇ ಗುರಿಗಳ ಪಟ್ಟಿ ಮಾಡಿಕೊಡುತ್ತದೆ. ಅದನ್ನು ಒಪ್ಪುವ ಅಧಿಕಾರಿಗೆ ನೋಡಲು ಎಷ್ಟು ಹೊತ್ತು ಸಿಗುತ್ತದೆ? ಬೇಡ ಅನ್ನುವ ಅಧಿಕಾರ ಅವನಿಗಿದೆಯಾ? ಹವಾಲ್ದಾರರು ಕೇಳಿದ್ದನ್ನು ಅಲ್ಲೂ ಕೇಳಬೇಕು.

ಕುಂದುಜ್‌ನಲ್ಲಿ ಕೊನೆಗೆ ಏನಾಯಿತು? ಅಧ್ಯಕ್ಷ ಒಬಾಮ ಕ್ಷಮೆ ಕೇಳಿದರು. 16 ಮಂದಿಯ ಮೇಲೆ ಇಲಾಖೆಯ ಮಟ್ಟದಲ್ಲಿ ಕ್ರಮ ಆಯಿತು. ಒಬ್ಬರ ಮೇಲೂ ಕ್ರಿಮಿನಲ್ ಕೇಸಿಲ್ಲ. ಬೇಕಂತ ಮಾಡಿದ್ದಲ್ಲ, ಆದ್ದರಿಂದ ಯುದ್ಧಾಪರಾಧ ಅಲ್ಲ ಅಂತ ಅಮೆರಿಕ ಸೇನೆ ಹೇಳಿತು. ಸ್ವತಂತ್ರ ತನಿಖೆ ಬೇಕು ಅಂತ ಎಂಎಸ್‌ಎಫ್ ಕೇಳಿತು. ಅಂಥ ತನಿಖೆಗೆಂದೇ ಒಂದು ಅಂತರರಾಷ್ಟ್ರೀಯ ಆಯೋಗ ಇದೆ. ಅದಕ್ಕೆ ಆಯಾ ಸರ್ಕಾರಗಳ ಒಪ್ಪಿಗೆ ಬೇಕು. ಒಪ್ಪಿಗೆ ಸಿಗಲಿಲ್ಲ. ತಪ್ಪು ಮಾಡಿದವರೇ ತಮ್ಮ ತಪ್ಪನ್ನು ತೂಗಿ ಶಿಕ್ಷೆ ನಿರ್ಧರಿಸಿದರು. ಇದು ಅನ್ಯಾಯ ಅಂತ ನಾನು ತರಗತಿಯಲ್ಲಿ ಹೇಳುತ್ತೇನೆ, ಇಲ್ಲೂ ಹೇಳುತ್ತೇನೆ.

ಇದರ ಬಾಲ ಹಿಡಿದು ಇನ್ನೊಂದು ಪ್ರಶ್ನೆ ಬರುತ್ತದೆ. 'ಅವರು ಪಾಲಿಸದಿದ್ದರೆ ನಾವ್ಯಾಕೆ?' ಯಾಕೆಂದರೆ ನಾವು ಮಾತು ಕೊಟ್ಟಿದ್ದೇವೆ. ಯುದ್ಧಕೈದಿಗಳ ಮೇಲೆ ಸೇಡು ತೀರಿಸಬಾರದು ಅಂತ ಒಪ್ಪಂದದಲ್ಲೇ ಬರೆದಿದೆ. 1971ರಲ್ಲಿ ನಮ್ಮ ವಶಕ್ಕೆ ಬಂದ ಪಾಕಿಸ್ತಾನದ ಸುಮಾರು 93,000 ಜನರನ್ನು ನಾವು ವಾಪಸ್ ಕಳಿಸಿದೆವು. ಕೊಡಗಿನವರಿಗಂತೂ ನಾನು ಹೇಳಬೇಕಿಲ್ಲ. 1965ರಲ್ಲಿ ಜನರಲ್ ಕಾರ್ಯಪ್ಪನವರ ಮಗನ ವಿಮಾನ ಬಿದ್ದು ಆ ಮಗ ಪಾಕಿಸ್ತಾನದಲ್ಲಿ ಸೆರೆಯಾದರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು, ಸಹಾಯ ಮಾಡಲು ಮುಂದೆ ಬಂದರು. ನನ್ನ ಮಗನಿಗೆ ವಿಶೇಷ ಸವಲತ್ತು ಬೇಡ, ಎಲ್ಲ ಕೈದಿಗಳನ್ನೂ ಚೆನ್ನಾಗಿ ನೋಡಿಕೊಳ್ಳಿ ಅಂದರು ತಂದೆ. ಸೈನಿಕನ ನೀತಿ ಅಂದರೆ ನನಗೆ ಮೊದಲು ನೆನಪಾಗುವುದು ಅದು.

ಆದ್ದರಿಂದ ದಯವಿಟ್ಟು ಪ್ರಶ್ನೆ ಬದಲಿಸಿ. ನಮ್ಮ ದೇಶದಲ್ಲಿ ಇದನ್ನು ಮುರಿದರೆ ಏನಾಗುತ್ತದೆ ಅಂತ ಕೇಳಿ. 1960ರ ಜಿನೀವಾ ಒಪ್ಪಂದಗಳ ಕಾಯ್ದೆ ನಮ್ಮಲ್ಲಿದೆ. ಒಪ್ಪಂದಗಳ ರಕ್ಷಣೆ ಇರುವವರನ್ನು ಬೇಕಂತಲೇ ಕೊಂದರೆ ಮರಣದಂಡನೆ ಅಥವಾ ಜೀವಾವಧಿ. ಆದರೆ ಅದರ 17ನೇ ಸೆಕ್ಷನ್ ಓದಿ. ಸರ್ಕಾರ ಅಥವಾ ಸರ್ಕಾರ ಗೊತ್ತುಮಾಡಿದ ಅಧಿಕಾರಿ ದೂರು ಕೊಟ್ಟರೆ ಮಾತ್ರ ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳಬಹುದು. ಸತ್ತವನ ಹೆಂಡತಿ ಈ ಕಾಯ್ದೆಯಡಿ ತಾನೇ ದೂರು ಕೊಡುವಂತಿಲ್ಲ. 1977ರ ಹೆಚ್ಚುವರಿ ಒಪ್ಪಂದಗಳಿಗೂ ಭಾರತ ಸೇರಿಲ್ಲ. ಯಾಕೆ ಸೇರಿಲ್ಲ, ಆ 17ನೇ ಸೆಕ್ಷನ್ ಯಾಕೆ ಹಾಗೇ ಇದೆ ಅಂತ ನಿಮ್ಮ ಸಂಸದರನ್ನು ಕೇಳಿ. ನನ್ನನ್ನೂ ಕೇಳಿ, ಎಷ್ಟು ಹೊತ್ತು ಬೇಕಾದರೂ ಕೂತು ಮಾತಾಡುತ್ತೇನೆ.