ಠಾಣೆಗೆ ಹೋದರೆ ನಂಬಿಕೆ ಕಮ್ಮಿಯಾದಂತೆಯೇ?

ರಾಯಚೂರು ಜಿಲ್ಲೆಯ ಮಾನ್ವಿ, ಸಿರವಾರದ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಊರುಗಳಲ್ಲಿ ನೀರಿನ ಪಾಳಿಗೋ ಹೊಲದ ಬದುವಿಗೋ ಜಗಳ ಹತ್ತುತ್ತದೆ. "ನಿನ್ನ ಬಿಡಂಗಿಲ್ಲ" ಅನ್ನಿಸಿಕೊಂಡವರು ಪ್ರಾರ್ಥನೆ ಮುಗಿದ ಮೇಲೆ ಕೇಳುವುದು ಒಂದೇ: "ದೇವ್ರು ಕಾಯ್ತಾನಂತ ನಂಬೀವಿ. ಮತ್ತ ಠಾಣೆಗೆ ಹೋದ್ರ ನಂಬಿಕಿ ಕಮ್ಮಿ ಆದಂಗಲ್ಲೇನ್ರಿ, ಪಾಸ್ಟರೇ?"

ಅಲ್ಲ. ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳ 23ನೇ ಅಧ್ಯಾಯ ತೆರೆಯಿರಿ. ಅಪೊಸ್ತಲ ಪೌಲ ಯೆರೂಸಲೇಮಿನಲ್ಲಿ ರೋಮನ್ ಸೈನಿಕರ ವಶದಲ್ಲಿದ್ದ. ರಾತ್ರಿ ಕರ್ತನು ಪೌಲನ ಬಳಿ ನಿಂತು, ಧೈರ್ಯದಿಂದಿರು, ರೋಮ್‌ನಲ್ಲೂ ನೀನು ಸಾಕ್ಷಿ ಹೇಳಬೇಕು ಎಂದ. ಬೆಳಗಾದರೆ 40ಕ್ಕೂ ಹೆಚ್ಚು ಮಂದಿ, ಅವನನ್ನು ಕೊಲ್ಲುವವರೆಗೆ ಅನ್ನನೀರು ಮುಟ್ಟೆವೆಂದು ಆಣೆಯಿಟ್ಟರು. ಸೋದರಳಿಯ ಬಂದು ಸುದ್ದಿ ಮುಟ್ಟಿಸಿದಾಗ ಪೌಲ, ದೇವರೇ ಮಾತು ಕೊಟ್ಟಿದ್ದಾನಲ್ಲ ಎಂದು ಕೂರಲಿಲ್ಲ. ಆ ಹುಡುಗನನ್ನು ನೇರ ಸಹಸ್ರಾಧಿಪತಿಯ, ಅಂದರೆ ಅಲ್ಲಿನ ರೋಮನ್ ಸೇನಾಧಿಕಾರಿಯ, ಬಳಿ ಕಳಿಸಿದ. ಅದೇ ರಾತ್ರಿ 200 ಸಿಪಾಯಿಗಳು, 70 ಕುದುರೆ ಸವಾರರು, 200 ಭರ್ಜಿಯವರ ಕಾವಲಲ್ಲಿ ಊರು ದಾಟಿದ. ಕರ್ತನ ಮಾತು ನಡೆದದ್ದು ಆ ಕಾವಲಿನ ಮೂಲಕವೇ.

ನೆಹೆಮೀಯ 4:9 ಬಹಳ ಜನಕ್ಕೆ ಗೊತ್ತು: ಯೆರೂಸಲೇಮಿನ ಗೋಡೆ ಕಟ್ಟುತ್ತಿದ್ದ ನೆಹೆಮೀಯ ಮತ್ತವನ ಜನ ಪ್ರಾರ್ಥಿಸಿದರು, ಹಗಲಿರುಳು ಕಾವಲನ್ನೂ ಇಟ್ಟರು. 6ನೇ ಅಧ್ಯಾಯ ಓದುವವರು ಕಡಿಮೆ. ಓನೋ ಬಯಲಿಗೆ ಬಾ, ಕೂಡಿ ಮಾತಾಡೋಣ ಎಂದು ವೈರಿಗಳು 4 ಸಲ ಹೇಳಿಕಳಿಸಿದರು. ನೆಹೆಮೀಯ 4 ಸಲವೂ ಹೋಗಲಿಲ್ಲ. ನಮ್ಮಲ್ಲಿ ಆ ಕರೆ ಧಾಬಾಕ್ಕೋ ಊರಾಚೆಯ ತೋಟಕ್ಕೋ ಬರುತ್ತದೆ. ರಾಜಿ ಒಳ್ಳೆಯದೇ, ಆದರೆ ಹಗಲಲ್ಲಿ, ಇಬ್ಬರು ಹಿರಿಯರನ್ನು ಕರಕೊಂಡು, ಜನ ಓಡಾಡುವ ಕಡೆ ಕೂತು ಮಾಡಿಕೊಳ್ಳಿ.

ಪ್ರಾರ್ಥನೆಯಲ್ಲಿ ಭಯವನ್ನು ಬಾಯಿಬಿಟ್ಟು ಹೇಳಿ, ಬೆದರಿಸಿದವನ ಹೆಸರು ಹಿಡಿದೇ ಹೇಳಿ. ಸೇಡನ್ನು ದೇವರ ಕೈಗೆ ಬಿಡಿ. ಕೊನೆಗೆ ನಿದ್ದೆ ಕೇಳಿ. ಮಗನಿಂದಲೇ ಓಡಿಹೋಗಬೇಕಾದ ದಾವೀದ 3ನೇ ಕೀರ್ತನೆಯಲ್ಲಿ ಮಲಗಿ ನಿದ್ದೆ ಮಾಡಿದೆ ಅನ್ನುತ್ತಾನೆ. ಕೆಲವರು ವೈರಿಗೆ ಶಾಪ ಕೋರುವ 109ನೇ ಕೀರ್ತನೆಯನ್ನು ವೈರಿಯ ಹೆಸರು ಸೇರಿಸಿ ಮಾಟದಂತೆ ದಿನಾ ಓದುತ್ತಾರೆ. ದಯವಿಟ್ಟು ಬೇಡ. ಸಿಟ್ಟು ಆರುವುದಿಲ್ಲ, ಒಂದು ದಿನ ನೀವೂ ಫೋನಿನಲ್ಲಿ ಬೆದರಿಸುತ್ತೀರಿ, ಆ ರೆಕಾರ್ಡಿಂಗ್ ಹಿಡಿದು ಅವರು ನಿಮ್ಮ ಮೇಲೇ ಕೌಂಟರ್ ಕೇಸ್ ಹಾಕುತ್ತಾರೆ.

ದೂರಿನಲ್ಲಿ ತಾರೀಖು, ಹೊತ್ತು, ಜಾಗ, ಕೇಳಿಸಿಕೊಂಡವರ ಹೆಸರು ಇರಲಿ. "ಬೆದರಿಕೆ ಹಾಕಿದ" ಎಂದಷ್ಟೇ ಬರೆದರೆ ದೂರು ಸಪ್ಪೆಯಾಗುತ್ತದೆ. ಅವನಾಡಿದ ಮಾತನ್ನು, ಬೈಗುಳ ಸಮೇತ, ಹಾಗೆಹಾಗೇ ಬರೆಯಿರಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಠಾಣೆಯ ಸೀಲು, ಸಹಿ ಹಾಕಿಸಿಕೊಳ್ಳಿ. ವಾಟ್ಸಾಪ್ ಮೆಸೇಜು ಅಳಿಸಬೇಡಿ. 2024ರ ಜುಲೈ 1ರಿಂದ ಬೆದರಿಕೆಯ ಅಪರಾಧಕ್ಕೆ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಇದೆ. ಕೊಲ್ಲುತ್ತೇನೆಂಬ ಬೆದರಿಕೆಗೆ 7 ವರ್ಷದವರೆಗೂ ಶಿಕ್ಷೆಯಾಗಬಹುದು. ಮನೆ ಬಾಗಿಲಿಗೇ ಬಂದರೆ 112ಕ್ಕೆ ಫೋನ್ ಮಾಡಿ.

ನಂಬಿದವರಿಗೆ ಏನೂ ಆಗುವುದಿಲ್ಲ ಎಂದು ಮಾತ್ರ ನಾವು ಹೇಳುವುದಿಲ್ಲ. ಅಪೊಸ್ತಲರ ಕೃತ್ಯಗಳ 12ನೇ ಅಧ್ಯಾಯದಲ್ಲಿ ಅರಸ ಹೆರೋದ ಅಪೊಸ್ತಲ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಅದೇ ಅಧ್ಯಾಯದಲ್ಲಿ ದೇವದೂತನು ಸೆರೆಯಲ್ಲಿದ್ದ ಪೇತ್ರನ ಸಂಕೋಲೆ ಬಿಡಿಸಿದ. ಯಾಕೋಬ, ಪೇತ್ರ ಇಬ್ಬರೂ ಕರ್ತನವರೇ. ಬಿಡುಗಡೆಯಾದ ಪೇತ್ರನೂ ಅಲ್ಲೇ ನಿಲ್ಲಲಿಲ್ಲ. ತನ್ನವರಿಗೆ ಸುದ್ದಿ ಹೇಳಿ ಬೇರೆ ಕಡೆಗೆ ಹೊರಟುಹೋದ. ನಾಲ್ಕು ದಿನ ನೆಂಟರ ಊರಿಗೆ ಹೋಗಿರಬೇಕು ಅನ್ನಿಸಿದರೆ ಹೋಗಿ, ಎಲ್ಲಿದ್ದೀರೆಂದು ಸಭೆಯ ಒಬ್ಬರಿಗಾದರೂ ತಿಳಿಸಿ ಹೋಗಿ.