ಕೊಟ್ಟವರ ಮುಂದೆ ಕೈ ಮುಗಿದ ಗುರು

ಬೀದರಿನ ನೀರು ಹಿಂದೆ ಬಾಯಿಗೆ ಹಾಕುವಂತಿರಲಿಲ್ಲವಂತೆ. 16ನೇ ಶತಮಾನದ ಆರಂಭದಲ್ಲಿ ಗುರು ನಾನಕರು ದಕ್ಷಿಣದ ಕಡೆ ಯಾತ್ರೆ ಬಂದಾಗ ಇಲ್ಲಿ ತಂಗಿದ್ದರು. ಜನ ಅವರ ಬಳಿ ಬಂದು ನೀರಿನ ಕಷ್ಟ ಹೇಳಿಕೊಂಡರು. ಗುರುಗಳು ದೇವರನ್ನು ನೆನೆದು ಪಾದುಕೆಯಿಂದ ಕಲ್ಲೊಂದನ್ನು ಸರಿಸಿದರು. ಸಿಹಿನೀರು ಉಕ್ಕಿತು. ನಾನಕ್ ಝೀರಾ ಸಾಹಿಬ್ ಗುರುದ್ವಾರದ ಭಕ್ತರು ತಲೆಮಾರುಗಳಿಂದ ಹೇಳುತ್ತಾ ಬಂದಿರುವ ಕಥೆ ಇದು. ಆ ನೀರು ಈಗಲೂ ಹರಿಯುತ್ತಿದೆ. ಬಂದವರೆಲ್ಲ ಬೊಗಸೆಯಲ್ಲಿ ಹಿಡಿದು ಕುಡಿಯುತ್ತಾರೆ.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಪವಾಡ ಅಲ್ಲ. ನೀರು ಕೊಡುವ ಮೊದಲು ಗುರುಗಳು ಯಾರನ್ನೂ ಏನನ್ನೂ ಕೇಳಲಿಲ್ಲ. ನಿನ್ನ ಜಾತಿ ಯಾವುದು, ವ್ರತ ಎಷ್ಟು ಮಾಡಿದ್ದೀಯ, ದಾನ ಎಷ್ಟು ಕೊಟ್ಟಿದ್ದೀಯ ಅಂತ ಲೆಕ್ಕ ಇಲ್ಲ. ಬಾಯಾರಿದೆ ಅನ್ನುವುದಷ್ಟೇ ಸಾಕಾಯಿತು.

ಸಿಖ್ಖರು ಬೆಳಗಿನ ಜಾವ ಹೇಳುವ ಜಪ್‌ಜಿ ಸಾಹಿಬ್‌ನಲ್ಲಿ ನಾನಕರ ಒಂದು ಮಾತಿದೆ: ‘ಕರ್ಮೀ ಆವೈ ಕಪಡಾ, ನದರೀ ಮೋಖು ದುಆರು.’ ಮಾಡಿದ ಕರ್ಮಕ್ಕೆ ತಕ್ಕಂತೆ ಈ ದೇಹವೆಂಬ ಬಟ್ಟೆ ಸಿಗುತ್ತದೆ. ಮುಕ್ತಿಯ ಬಾಗಿಲು ಮಾತ್ರ ಅವನ ಕೃಪೆಯ ನೋಟದಿಂದ ತೆರೆಯುತ್ತದೆ. ಹಾಗಂತ ಸುಮ್ನೆ ಕೂತಿರಿ ಅಂತ ನಾನಕರು ಎಲ್ಲೂ ಹೇಳಲಿಲ್ಲ. ದುಡಿಯಿರಿ, ಹಂಚಿ ತಿನ್ನಿ, ನಾಮ ಜಪಿಸಿ ಎಂದರು. ಆದರೆ ಇದೆಲ್ಲ ಮಾಡಿದ ಮೇಲೂ ‘ನಾನು ಮಾಡಿದೆ, ಅದಕ್ಕೇ ಸಿಕ್ಕಿತು’ ಅನ್ನುವ ಹಾಗಿಲ್ಲ. ಆ ‘ನಾನು’ ಅನ್ನುವುದನ್ನೇ ಅವರು ಹೌಮೈ ಎಂದು ಕರೆದು, ದೊಡ್ಡ ರೋಗ ಎಂದರು.

ಬೀದರಿನ ಇನ್ನೊಂದು ಕಥೆ ಇದಕ್ಕಿಂತ ಆಳಕ್ಕೆ ಇಳಿಯುತ್ತದೆ. 1699ರ ಬೈಸಾಖಿ ಹಬ್ಬ. ಪಂಜಾಬಿನ ಆನಂದಪುರ ಸಾಹಿಬ್‌ನಲ್ಲಿ ಭಾರೀ ಜನ ಸೇರಿದೆ. ಸಿಖ್ಖರ ಹತ್ತನೇ ಗುರು ಗೋಬಿಂದ್ ರಾಯ್ ಕತ್ತಿ ಹಿರಿದು ನಿಂತು, ತಲೆ ಕೊಡುವವರು ಯಾರಿದ್ದೀರಿ ಎಂದು ಕೇಳಿದರು. ಸಭೆ ಸ್ತಬ್ಧವಾಯಿತು. ಕೊನೆಗೆ ಒಬ್ಬ ಎದ್ದ. ಆಮೇಲೆ ಇನ್ನೊಬ್ಬ. ಹೀಗೆ ಐದು ಜನ. ಲಾಹೋರಿನವರು, ಹಸ್ತಿನಾಪುರದವರು, ಪುರಿಯವರು, ದ್ವಾರಕೆಯವರು. ಐದನೆಯವರು ನಮ್ಮ ಬೀದರಿನ ಸಾಹಿಬ್ ಚಂದ್. ಕ್ಷೌರದ ಕೆಲಸದ ಮನೆತನದವರು ಎಂದು ಸಿಖ್ಖರ ಪರಂಪರೆ ನೆನೆಯುತ್ತದೆ. ಕ್ಷೌರಿಕ ಸಮುದಾಯ ತಮ್ಮವರೆಂದು ನೆನೆಯುವ ಶರಣ ಹಡಪದ ಅಪ್ಪಣ್ಣ ಬಸವಣ್ಣನವರ ಪಕ್ಕದಲ್ಲೇ ಇದ್ದ ಕಲ್ಯಾಣವೂ ಇದೇ ಜಿಲ್ಲೆಯಲ್ಲಿದೆ ಅನ್ನುವುದು ನನಗೆ ಪ್ರತಿ ಸಲ ನೆನಪಾಗುತ್ತದೆ.

ಐವರಿಗೂ ಹೊಸ ಬಟ್ಟೆ ತೊಡಿಸಿ ಗುರುಗಳು ಜೀವಂತವಾಗಿಯೇ ಸಭೆಗೆ ಕರೆತಂದರು. ಕಬ್ಬಿಣದ ಬಟ್ಟಲಲ್ಲಿ ನೀರು, ಅದರಲ್ಲಿ ಬತ್ತಾಸು. ಪವಿತ್ರ ಬಾಣಿಗಳೆಂಬ ಪ್ರಾರ್ಥನೆಗಳನ್ನು ಹೇಳುತ್ತಾ ಎರಡಲಗಿನ ಕತ್ತಿ ಖಂಡಾದಿಂದ ಕಲಕಿ ಅಮೃತ, ಅಂದರೆ ದೀಕ್ಷೆಯ ಸಿಹಿನೀರು, ಮಾಡಿದರು. ಒಂದೇ ಬಟ್ಟಲಿನಿಂದ ಐವರಿಗೂ ಕೊಟ್ಟರು. ಸಾಹಿಬ್ ಚಂದ್ ಅವತ್ತಿನಿಂದ ಭಾಯಿ ಸಾಹಿಬ್ ಸಿಂಗ್ ಆದರು. ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಗುರುಗಳು ಆ ಐವರ ಎದುರು ತಾವೇ ಕೈ ಮುಗಿದು ನಿಂತರು. ನನಗೂ ಅಮೃತ ಕೊಡಿ ಎಂದು ಬೇಡಿದರು. ಅವರ ಕೈಯಿಂದ ಪಡೆದ ಮೇಲೆಯೇ ಗೋಬಿಂದ್ ರಾಯ್ ಗುರು ಗೋಬಿಂದ್ ಸಿಂಗ್ ಆದದ್ದು.

ಈ ಗಳಿಗೆಯ ಹತ್ತಿರ ನಾನು ಮತ್ತೆ ಮತ್ತೆ ಬಂದು ನಿಲ್ಲುತ್ತೇನೆ. ಶಿಷ್ಯನ ಮೇಲೆ ಪ್ರೀತಿ ತೋರಿಸಿದ ಗುರುಗಳು ಬೇಕಾದಷ್ಟಿದ್ದಾರೆ. ತಾನು ಕೊಟ್ಟದ್ದನ್ನೇ ಶಿಷ್ಯರಿಂದ ಬೇಡಿ ಪಡೆದವರು ಎಷ್ಟು ಜನ? ದೇವರ ಕೃಪೆ ನನ್ನ ಸ್ವತ್ತಲ್ಲ, ನನ್ನ ಮೂಲಕ ಹರಿದು ಹೋಗುವಂಥದ್ದು ಎಂದು ಒಳಗೆ ಗಟ್ಟಿಯಾಗಿ ತಿಳಿದವರಿಗೆ ಮಾತ್ರ ಅದು ಸಾಧ್ಯ ಅಲ್ವಾ? ಬೀದರಿನ ಒಬ್ಬ ಕ್ಷೌರಿಕನ ಕೈ ಗುರುವಿಗೆ ಅಮೃತ ಕೊಡುವ ಕೈಯಾಯಿತು. ಇದನ್ನು ಬರೆಯುವಾಗಲೂ ಕಣ್ಣು ತುಂಬುತ್ತದೆ. ಮುಂದೆ 1704ರಲ್ಲಿ ಚಮ್‌ಕೌರ್ ಕಾಳಗದಲ್ಲಿ ಭಾಯಿ ಸಾಹಿಬ್ ಸಿಂಗ್ ಪ್ರಾಣ ಕೊಟ್ಟರು.

ಗುರುದ್ವಾರದ ಸಾಮೂಹಿಕ ಊಟವಾದ ಲಂಗರ್‌ನಲ್ಲಿ ಎಲ್ಲರೂ ನೆಲದ ಮೇಲೆ ಒಂದೇ ಸಾಲಿನಲ್ಲಿ ಕೂರುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತು. ರೊಟ್ಟಿ ಬಡಿಸಲು ಬಂದಾಗ ಎರಡೂ ಕೈ ಚಾಚಿ ತೆಗೆದುಕೊಳ್ಳಬೇಕು. ಕೊಡುವುದನ್ನು ನಾವು ಬೇಗ ಕಲಿಯುತ್ತೇವೆ, ಕೊಟ್ಟಾಗ ಒಂದು ಹೆಮ್ಮೆಯೂ ಇರುತ್ತದೆ. ಪಡೆಯುವುದು ಕಷ್ಟ. ಲಂಗರ್ ಕಲಿಸುವುದು ಅದನ್ನೇ ಎಂದು ನನಗೆ ಅನಿಸುತ್ತದೆ.

ಕೃತಜ್ಞತೆ ಎಂದರೆ ಸುಖಕ್ಕೆ ಮಾತ್ರ ಹೇಳುವ ವಂದನೆಯೂ ಅಲ್ಲ. ಐದನೇ ಗುರು ಅರ್ಜನ್ ದೇವ್ ಅವರು 1606ರಲ್ಲಿ ಲಾಹೋರಿನಲ್ಲಿ ಹುತಾತ್ಮರಾದರು. ‘ತೇರಾ ಕೀಆ ಮೀಠಾ ಲಾಗೈ’, ನೀನು ಮಾಡಿದ್ದು ನನಗೆ ಸಿಹಿಯೇ ಎಂಬ ಸಾಲು ಅವರದು. ಕಾದ ಬಾಣಲೆಯ ಮೇಲೆ ಕೂತಾಗಲೂ ಅವರ ಬಾಯಲ್ಲಿ ಇದೇ ಇತ್ತು ಎಂದು ಭಕ್ತರು ನೆನೆಯುತ್ತಾರೆ. ಈ ಸಾಲಿನ ಮುಂದೆ ನಾನು ಜಾಸ್ತಿ ಮಾತಾಡಲಾರೆ.

ಪ್ರಾರ್ಥನೆಯ ಕೊನೆಗೆ ಎಲ್ಲರೂ ಎದ್ದು ನಿಂತು ಮಾಡುವ ಅರದಾಸ್‌ನಲ್ಲಿ ಒಂದು ಬೇಡಿಕೆ ಇದೆ: ‘ಸಿಖ್ಖಾಂ ದಾ ಮನ್ ನೀವಾಂ, ಮತ್ ಉಚ್ಚೀ.’ ಸಿಖ್ಖರ ಮನಸ್ಸು ಬಾಗಿರಲಿ, ಬುದ್ಧಿ ಎತ್ತರದಲ್ಲಿರಲಿ. ಅಂದರೆ ವಿನಯವನ್ನೂ ಇಲ್ಲಿ ದೇವರ ಹತ್ತಿರವೇ ಕೇಳುತ್ತಾರೆ. ನಾನು ವಿನಯವಂತ ಎಂದುಕೊಂಡರೆ ಅಲ್ಲೇ ಹೌಮೈ ಬಂದು ಕೂರುತ್ತದಲ್ಲ!

ಕಾರ್ತಿಕ ಹುಣ್ಣಿಮೆಯ ಗುರು ನಾನಕ್ ಜಯಂತಿಗೆ ಬೀದರಿಗೆ ಹೋಗುವವರಿದ್ದರೆ, ಕೋಟೆ ನೋಡಿದ ಮೇಲೆ ತಲೆಗೆ ಬಟ್ಟೆ ಸುತ್ತಿಕೊಂಡು ಝೀರಾ ಸಾಹಿಬ್‌ಗೆ ಬನ್ನಿ. ಅರದಾಸ್ ಮುಗಿಯುವವರೆಗೂ ಇರಿ. ಪಂಜಾಬಿ ಬರದಿದ್ದರೂ ಪರವಾಗಿಲ್ಲ, ‘ಮನ್ ನೀವಾಂ’ ಎಂದು ಕೇಳಿದಾಗ ನೀವೂ ಅದನ್ನೇ ಬೇಡಿಕೊಳ್ಳಿ.